ಇಮೇಲಿನಲ್ಲಿ ಊಟಕ್ಕೆ ಕರೆದ ಭಾನುವಾರ

ಇಮೇಲ್ ಬರೆಯುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಮಾನೇಸರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಸ್ಟೋರ್ಸ್ ಮ್ಯಾನೇಜರ್ ಆಗಿ ನಿವೃತ್ತನಾದವನು ನಾನು. ಬೆಳಿಗ್ಗೆ ನಾನೊಂದು ಮೇಲ್ ಹಾಕಿದರೆ ಸಂಜೆಯೊಳಗೆ ಫರೀದಾಬಾದಿನಿಂದ ನಟ್ಟು ಬೋಲ್ಟುಗಳು ಲಾರಿ ಹತ್ತಿ ಬರುತ್ತಿದ್ದವು. ಕಬ್ಬಿಣವನ್ನೇ ಕರೆಸಿದ ಮನುಷ್ಯನಿಗೆ ಗಿರಾಕಿಗಳನ್ನು ಕರೆಸುವುದು ಯಾವ ಮಹಾ ಕೆಲಸ?

ಈ ಮಾತನ್ನು ನಾನು ನನ್ನ ಹೆಂಡತಿ ವಸುಧಾಳಿಗೆ ಹೇಳಿದಾಗ ಅವಳು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ದೆಹಲಿಯ ಪೀತಮ್‌ಪುರದ ನಮ್ಮ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತು ಅವಳು ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಮಾಡಿ ‘ವಸು ಡಬ್ಬಿ’ ಎಂಬ ಹೆಸರಿನಲ್ಲಿ ಆನ್‌ಲೈನ್ ಮಾರುತ್ತಾಳೆ. ವ್ಯಾಪಾರ ಚಿಕ್ಕದು, ಘಮ ದೊಡ್ಡದು. ಮೆಣಸಿನಕಾಯಿ ಹುರಿದ ದಿನ ಇಡೀ ಬ್ಲಾಕ್ ಸೀನುತ್ತದೆ.

"ನೀವು ಸುಮ್ನೆ ಇದ್ರೆ ಸಾಕು. ಭಾನುವಾರ ಸೇಠಿ ಮೇಡಂ ಬರ್ತಾರೆ. ಅದೊಂದು ಆಗಿಬಿಡ್ಲಿ," ಎಂದಳು ವಸುಧಾ.

ಸೇಠಿ ಮೇಡಂ ಅಂದರೆ ಕರೋಲ್ ಬಾಗ್‌ನಲ್ಲಿ ಹಬ್ಬದ ಉಡುಗೊರೆ ಪೆಟ್ಟಿಗೆಗಳ ದೊಡ್ಡ ಅಂಗಡಿ ಇಟ್ಟಿರುವವರು. ಅವರ ದೀಪಾವಳಿ ಪೆಟ್ಟಿಗೆಯೊಳಗೆ ನಮ್ಮ ಡಬ್ಬಿ ಸೇರಿದರೆ ದೆಹಲಿಯ ಅರ್ಧ ಮನೆಗಳಿಗೆ ನಮ್ಮ ಸಾರಿನ ಪುಡಿ ಹೋಗುತ್ತದೆ. ಬೇಸಿಗೆಯಿಂದ ವಸುಧಾ ಅವರ ಹಿಂದೆ ಬಿದ್ದಿದ್ದಳು. ಕೊನೆಗೂ ಅವರು, "ಭಾನುವಾರ ಮಧ್ಯಾಹ್ನ ಬಂದು ಅಡುಗೆಮನೆ ನೋಡುತ್ತೇನೆ, ರುಚಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ" ಎಂದಿದ್ದರು. ಅವಳು ಗೋಡೆಯ ಟೈಲ್ಸ್ ಉಜ್ಜಿದ್ದಳು, ಹೊಸ ಏಪ್ರನ್ ತಂದಿದ್ದಳು, ಕೂದಲು ಉದುರದಂತೆ ತಲೆಗೆ ಹಾಕುವ ಬಲೆಟೋಪಿಗಳ ಒಂದು ದೊಡ್ಡ ಪ್ಯಾಕೆಟ್ಟನ್ನೇ ತರಿಸಿದ್ದಳು. ಈ ಒಂದು ಭೇಟಿಗಾಗಿ ಅವಳು ನಿದ್ದೆಗೆಟ್ಟಿದ್ದು ನನಗೆ ಗೊತ್ತಿತ್ತು. ಅದಕ್ಕೇ ನಾನು ಅವಳಿಗೆ ನೆರವಾಗಲು ತೀರ್ಮಾನಿಸಿದೆ. ಅವಳ ದುರದೃಷ್ಟ!

ಇಮೇಲ್ ಮಾರ್ಕೆಟಿಂಗ್ ಕಲಿಸುವ ವಿಡಿಯೊಗಳನ್ನು ನೋಡಿದೆ. ಅದರಲ್ಲಿ ಒಬ್ಬ ಹುಡುಗ ಹೇಳುತ್ತಿದ್ದ: ಗಿರಾಕಿಗೆ ಆತ್ಮೀಯವಾಗಿ ಬರೆಯಿರಿ, ಸ್ನೇಹಿತನಿಗೆ ಬರೆದಂತೆ. ಅವಸರ ಹುಟ್ಟಿಸಿ. ಕೊನೆಗೊಂದು ಗುಂಡಿ ಇಡಿ, ಅವರು ಒತ್ತಲಿ. ಇಷ್ಟೇ ತಾನೆ! ಗುರುವಾರ ಸಂಜೆ ಲ್ಯಾಪ್‌ಟಾಪ್ ತೆರೆದು ಕುಳಿತೆ.

ಮೇಲ್ ಕಳಿಸುವ ಒಂದು ಸೈಟಿನಲ್ಲಿ ಖಾತೆ ತೆರೆದೆ. ವಸುಧಾಳ ಹಳೆಯ ಗಿರಾಕಿಗಳ ವಿಳಾಸಗಳನ್ನು ಸೇರಿಸಿದೆ. "ನಿಮ್ಮ ಫೋನಿನಲ್ಲಿರುವವರನ್ನೂ ಸೇರಿಸಲೆ?" ಎಂದು ಅದು ಬಹಳ ವಿನಯದಿಂದ ಕೇಳಿತು. ಅಷ್ಟು ವಿನಯದಿಂದ ಕೇಳುವಾಗ ಬೇಡವೆನ್ನಲು ನನಗೆ ಮನಸ್ಸು ಬರಲಿಲ್ಲ. "ಪ್ರತಿಯೊಬ್ಬರನ್ನೂ ಅವರ ಹೆಸರು ಹಿಡಿದು ಕರೆಯಲೆ?" ಎಂದಿತು. ಆಹಾ, ಕರೆ ಮಾರಾಯ ಎಂದೆ.

ಬರೆದದ್ದು ಇಂಗ್ಲಿಷಿನಲ್ಲಿ, ಆದರೆ ಬರೆದ ಮನಸ್ಸು ಅಪ್ಪಟ ನಮ್ಮೂರಿನದು. ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನು "ಒಂದ್ಸಲ ಮನೆ ಕಡೆ ಬನ್ನಿ, ಊಟಕ್ಕೇ ಬಂದ್ಬಿಡಿ" ಎನ್ನದೆ ಬೀಳ್ಕೊಡುವುದುಂಟೆ? ಅವರು "ಆಗ್ಲಿ, ಖಂಡಿತ ಬರೋಣ, ನೀವೂ ಬನ್ನಿ" ಎನ್ನುತ್ತಾರೆ. ಅವರೂ ಬರುವುದಿಲ್ಲ, ನಾವೂ ಹೋಗುವುದಿಲ್ಲ, ಯಾರಿಗೂ ಬೇಸರವಿಲ್ಲ. ಎರಡೂ ಮನೆಯ ಅಕ್ಕಿ ಉಳಿಯುತ್ತದೆ, ಸ್ನೇಹವೂ ಉಳಿಯುತ್ತದೆ. ಆತ್ಮೀಯತೆ ಎಂದರೆ ನನಗೆ ತಿಳಿದದ್ದು ಇದೇ. ಹಾಗಾಗಿ ಸಾರಿನ ಪುಡಿಯ ಗುಣಗಾನ ಮುಗಿಸಿ ಕೊನೆಯಲ್ಲಿ, "ಒಮ್ಮೆ ಮನೆಗೆ ಬನ್ನಿ, ನನ್ನ ಹೆಂಡತಿಯ ಕೈಯಡುಗೆ ಊಟ ಮಾಡಿಕೊಂಡು ಹೋಗಿ" ಎಂದು ಬರೆದೆ.

ಅವಸರ ಹುಟ್ಟಿಸಬೇಕಲ್ಲ? ಸಾರಿನ ಪುಡಿ ಕೊಂಡವರಿಗೆ ಚಟ್ನಿಪುಡಿಯ ಪೊಟ್ಟಣ ಉಚಿತ ಎಂದು ಮೇಲೆಲ್ಲೋ ಹೇಳಿದ್ದೆ. ಅದರ ಗಡುವನ್ನು ಕೆಳಗೆ, ಊಟದ ಮಾತಿನ ಕೆಳಗೇ, ಕೆಂಪು ಅಕ್ಷರದಲ್ಲಿ ಹಾಕಿದೆ: "ಈ ಭಾನುವಾರ ಮಧ್ಯಾಹ್ನ ಮಾತ್ರ!" ಅದರ ಕೆಳಗೆ ಹಸಿರು ಗುಂಡಿ. ಗುಂಡಿಯ ಮೇಲೆ "ಆಗಲಿ, ಖಂಡಿತ!" ಎಂದು ಬರೆದೆ. ಮಾರ್ಕೆಟಿಂಗ್ ಮೇಲ್ ಕಳಿಸುವವರು ತಮ್ಮ ಅಂಚೆ ವಿಳಾಸ ಕೊಡಲೇಬೇಕಂತೆ. ಅದನ್ನು ಆ ಸೈಟೇ ತಾನಾಗಿ ಕೆಳಗೆ ಮುದ್ರಿಸಿತು. ಮನೆ ನಂಬರು, ಬ್ಲಾಕು, ಮೂರನೇ ಮಹಡಿ, ಎಲ್ಲವೂ ಸ್ಪಷ್ಟವಾಗಿತ್ತು.

ನಮ್ಮ ಮಗಳು ಅದಿತಿ ಕಾಲೇಜಿನಿಂದ ಬಂದವಳು ಹಿಂದಿನಿಂದ ಇಣುಕಿದಳು. ದೆಹಲಿಯಲ್ಲೇ ಬೆಳೆದವಳು, ಒಂದು ವಾಕ್ಯಕ್ಕೆ ಮೂರು ಭಾಷೆ ಬೇಕು ಅವಳಿಗೆ. "ಪಪ್ಪಾ, ಪೆಹ್ಲೇ ಒಂದು ಟೆಸ್ಟ್ ಮೇಲ್ ಕಳ್ಸಿ ನೋಡಿ ನಾ. ಎವ್ರಿಬಡಿಗೆ ಡೈರೆಕ್ಟ್ ಕಳಿಸ್ಬೇಡಿ, ಪ್ಲೀಸ್!"

"ಟೆಸ್ಟು ಹೊಸಬರಿಗಮ್ಮ," ಎಂದು ನಾನು ಕಳಿಸುವ ಗುಂಡಿ ಒತ್ತಿದೆ.

ಶುಕ್ರವಾರ ಬೆಳಿಗ್ಗೆ ನೋಡಿದರೆ ಮೇಲ್ ಅನ್ನು ಬಹುಪಾಲು ಎಲ್ಲರೂ ತೆರೆದು ಓದಿದ್ದರು. ಹಸಿರು ಗುಂಡಿಯನ್ನು ಜನ ಒತ್ತಿದ್ದೇ ಒತ್ತಿದ್ದು! ಎರಡನೇ ಬ್ಲಾಕಿನ ಕರ್ನಲ್ ಬೆಳ್ಳಿಯಪ್ಪನವರಂತೂ, "ಖಂಡಿತ. ಹನ್ನೆರಡಕ್ಕೆ ಸರಿಯಾಗಿ" ಎಂದು ಉತ್ತರವನ್ನೇ ಬರೆದಿದ್ದರು. ಎಂಥ ಸಂಸ್ಕಾರ ಕೊಡಗಿನವರದು, ಮಾತಿಗೂ ಸಮಯ ಹೇಳುತ್ತಾರೆ ಎಂದು ತಲೆದೂಗಿದೆ. ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಹೋದೆ.

"ನೋಡೇ, ಎಷ್ಟು ಜನ ಒತ್ತಿದ್ದಾರೆ!"

"ಆರ್ಡರ್ ಎಷ್ಟು ಬಂತು?" ಎಂದಳು ವಸುಧಾ.

"ಆರ್ಡರ್ ಇನ್ನೂ ಇಲ್ಲ. ಬರ್ತೀವಿ ಅಂದಿದ್ದಾರೆ."

"ಎಲ್ಲಿಗೆ?"

"ಮಾತಿಗೆ ಕಣೇ, ಮಾತಿಗೆ!"

ಅವಳು ನನ್ನನ್ನೊಮ್ಮೆ ನೋಡಿ ಹುರಿಯುವ ಕೆಲಸಕ್ಕೆ ಮರಳಿದಳು. ನಾನು ಮೀಸೆ ತಿರುವಿದೆ.

ಭಾನುವಾರ ಬಂತು. ಸೇಠಿ ಮೇಡಂಗಾಗಿ ಒಂದೇ ಒಂದು ಬೆಳ್ಳಿಯ ತಟ್ಟೆ, ಚಿಕ್ಕ ಚಿಕ್ಕ ಬಟ್ಟಲು, ಒಂದು ಪಾವು ಅನ್ನ, ಒಂದಿಷ್ಟು ಹುಳಿ. ಅಡುಗೆಮನೆ ಕನ್ನಡಿಯಾಗಿತ್ತು. ಗಡಿಯಾರ ಹನ್ನೆರಡು ತೋರಿಸಿದ್ದೇ ತಡ, ಬೆಲ್ ಆಯಿತು. ವಸುಧಾ ಸೆರಗು ಸರಿಮಾಡಿಕೊಂಡು ಬಾಗಿಲು ತೆಗೆದಳು.

ಕರ್ನಲ್ ಬೆಳ್ಳಿಯಪ್ಪ! ಇಸ್ತ್ರಿ ಮಾಡಿದ ಬ್ಲೇಜರು, ಪಕ್ಕದಲ್ಲಿ ಹೆಂಡತಿ ಕಾವೇರಿಯಮ್ಮ, ಅವರ ಕೈಯಲ್ಲಿ ಜೇನುತುಪ್ಪದ ಬಾಟಲಿ. "ನೀವು ಮನೆಗೆ ಕರೆದಿರೋದು ಇದೇ ಮೊದಲು ನೋಡಿ," ಎಂದರು ಕರ್ನಲ್, ನಿಜವಾದ ಸಂತೋಷದಿಂದ. "ಸೈನ್ಯದಲ್ಲಿ ನಮಗೆ ಊಟದ ಕರೆ ಅಂದ್ರೆ ಕರೆ. ತಪ್ಪಿಸೋ ಹಾಗಿಲ್ಲ."

ವಸುಧಾ ನಗುತ್ತಲೇ ಇದ್ದಳು. ಆದರೆ ನಗುತ್ತಲೇ ನನ್ನ ಕಡೆ ತಿರುಗಿದ ಕಣ್ಣಿನಲ್ಲಿ ನಗು ಇರಲಿಲ್ಲ.

ಅವರು ಸೋಫಾದಲ್ಲಿ ಕೂರುವ ಮೊದಲೇ ಮತ್ತೆ ಬೆಲ್. ಯೂನಿವರ್ಸಿಟಿಯಲ್ಲಿ ಓದುವ ನಮ್ಮ ಕಡೆಯ ಹುಡುಗ ಹುಡುಗಿಯರ ಒಂದು ದಂಡು, ನಮ್ಮ ಚಟ್ನಿಪುಡಿಯ ಕಾಯಂ ಗಿರಾಕಿಗಳು. "ಆಂಟೀ, ಹಾಸ್ಟೆಲ್ ಮೆಸ್ಸಿನ ರಾಜ್ಮಾ ತಿಂದೂ ತಿಂದೂ ಸಾಕಾಗಿತ್ತು. ನಿಮ್ಮ ಮೇಲ್ ನೋಡಿ ಸಬೀನಾ ಅತ್ತೇಬಿಟ್ಳು," ಎಂದ ಅವರಲ್ಲೊಬ್ಬ. ಸಬೀನಾ ಎಂಬ ಹುಡುಗಿ ಹೌದೆಂದು ತಲೆಯಾಡಿಸಿದಳು. ಇಂಥವರನ್ನು ವಾಪಸು ಕಳಿಸಲು ಯಾರಿಗೆ ಬಾಯಿ ಬರುತ್ತದೆ?

ಆಮೇಲೆ ಮಾನೇಸರಿನಿಂದ ನನ್ನ ಹಳೆಯ ಸಹೋದ್ಯೋಗಿ ಗುಪ್ತಾ ಬಂದ. ಒಬ್ಬನೇ ಅಲ್ಲ, ದೊಡ್ಡ ಗಾಡಿ ತುಂಬ ಹೆಂಡತಿ, ಮಕ್ಕಳು, ಭಾವಮೈದುನ. ಕೈಯಲ್ಲಿ ನನ್ನೆದೆಯಗಲದ ಮಿಠಾಯಿ ಡಬ್ಬಿ. ನೌಕರಿಯಿದ್ದಷ್ಟು ಕಾಲ ಒಂದು ಚಹಾ ಕುಡಿಸದ ಮನುಷ್ಯ ಮಿಠಾಯಿ ತಂದದ್ದು ನೋಡಿ ನನಗೆ ಗಾಬರಿಯಾಯಿತು.

"ಮೇಲ್‌ನಲ್ಲಿ ಹಾಗೆ ಬರೆದ ಮೇಲೆ ಬರಿಗೈಯಲ್ಲಿ ಬರೋದು ಹೇಗೆ ಯಾರ್," ಎಂದ ಗುಪ್ತಾ, ಸ್ವಲ್ಪ ನೊಂದ ದನಿಯಲ್ಲಿ.

"ಏನಂತ ಬರೆದಿದ್ದೆ?"

ಅವನು ಫೋನ್ ತೋರಿಸಿದ. "ಪ್ರಿಯ ಗುಪ್ತಾ ಕಂಜೂಸ್ ಅವರೇ" ಎಂದಿತ್ತು. ಹೆಸರು ಹಿಡಿದು ಕರೆ ಎಂದಿದ್ದೆನಲ್ಲ, ಆ ಸೈಟು ನನ್ನ ಫೋನಿನಲ್ಲಿ ಯಾರ ಹೆಸರು ಹೇಗಿತ್ತೋ ಹಾಗೇ ಕರೆದಿತ್ತು! ನನಗೆ ನಿಂತಲ್ಲೇ ಬೆವರಿತು. ಏಕೆಂದರೆ ತೆರಿಗೆ ಲೆಕ್ಕ ನೋಡುವವನನ್ನು ನಾನು ‘ತಲೆನೋವು’ ಎಂದು ಇಟ್ಟುಕೊಂಡಿದ್ದೆ. ಅವನೂ ಬಂದ. ಬಂದು, ನನ್ನನ್ನೇ ದಿಟ್ಟಿಸುತ್ತ, ಎದುರಿಗೇ ಕುಳಿತ.

ಮತ್ತೆ ಬೆಲ್. ಬ್ಯಾಗು, ಸ್ಪಾನರು ಹಿಡಿದ ಮನುಷ್ಯ. ನೀರು ಶುದ್ಧಮಾಡುವ ಯಂತ್ರದ ಕಂಪನಿಯವನು.

"ನಾವು ಕರೆದಿಲ್ಲವಲ್ಲ ಭಯ್ಯಾ?"

"ಕಂಪ್ಲೇಂಟ್ ಇದೆ ಸಾಬ್. ಇಮೇಲ್‌ನಲ್ಲಿ ಬಂದಿದೆ. ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ ಅಂತ ಬರೆದಿದ್ದೀರಿ. ಅರ್ಜೆಂಟ್, ಕೆಂಪು ಅಕ್ಷರ," ಎನ್ನುತ್ತ ಅವನು ನೇರ ಅಡುಗೆಮನೆಗೆ ಹೋಗಿ ಯಂತ್ರದ ಹೊಟ್ಟೆ ಬಿಚ್ಚಿಯೇ ಬಿಟ್ಟ. ನಾನು ತಡೆಯಲು ಹೋಗಿ ಯಾವುದೋ ಪೈಪು ಹಿಡಿದೆ. ಆ ಪೈಪು ಹಿಡಿಯಬಾರದಿತ್ತು. ನೀರು ಮೊದಲು ನನ್ನ ಮುಖಕ್ಕೆ, ಆಮೇಲೆ ಉಜ್ಜಿಟ್ಟ ಟೈಲ್ಸಿಗೆ, ಆಮೇಲೆ ಸೇಠಿ ಮೇಡಂ ಅವರ ಬೆಳ್ಳಿಯ ತಟ್ಟೆಗೆ ಹಾರಿತು.

ಆ ಕ್ಷಣದಲ್ಲಿ ವಸುಧಾ ಕೂಗಾಡಬಹುದಿತ್ತು. ಅವಳು ಕೂಗಾಡಲಿಲ್ಲ. ಅಡುಗೆಮನೆಯ ಬಾಗಿಲಿನಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಹಾಲಿನಲ್ಲಿ ತುಂಬಿದ್ದ ಜನರನ್ನು ಒಮ್ಮೆ ನೋಡಿದಳು. ಬೇಸಿಗೆಯಿಂದ ಅವಳು ಕಟ್ಟಿಕೊಂಡು ಬಂದದ್ದನ್ನು ನಾನು ಒಂದು ಹಸಿರು ಗುಂಡಿಯಿಂದ ಕೆಡವಿದ್ದೆ.

"ಬಂದವರನ್ನ ಹಸಿದು ಕಳಿಸೋಕೆ ಆಗಲ್ಲ," ಎಂದಳು. "ಅದಿತಿ, ಆ ಟೋಪಿ ಪ್ಯಾಕೆಟ್ ತಾ. ಟೋಪಿ ಹಾಕದೆ ಒಬ್ಬರೂ ಅಡುಗೆಮನೆ ಹತ್ತಿರ ಬರೋ ಹಾಗಿಲ್ಲ. ಕಾವೇರಕ್ಕ, ನೀವು ಅಕ್ಕಿ ತೊಳೀತೀರಾ? ಮಕ್ಕಳಾ, ಬೀನ್ಸ್ ಹೆಚ್ಚಿ. ರೀ, ನೀವು..." ಎಂದು ನನ್ನತ್ತ ತಿರುಗಿದಳು. "ನೀವು ಕೆಳಗೆ ಹೋಗಿ ಗೇಟ್ ಹತ್ರ ನಿಂತ್ಕೊಳ್ಳಿ. ಇನ್ನು ಒಬ್ಬರೂ ಊಟಕ್ಕೆ ಅಂತ ಮೇಲೆ ಬರಬಾರದು. ಅಷ್ಟಾದ್ರೂ ಮಾಡಿ."

ಅಷ್ಟು ಮಾಡಲಾರೆನೆ? ಆತ್ಮವಿಶ್ವಾಸ ಮರಳಿ ಬಂತು. ಅಂಗಿ ಒದ್ದೆಯಾಗಿತ್ತು, ಬಾಲ್ಕನಿಯ ತಂತಿಯ ಮೇಲೆ ಕೈಗೆ ಸಿಕ್ಕ ನನ್ನ ಹಳೆಯ ಕಾರ್ಖಾನೆಯ ನೀಲಿ ಅಂಗಿ ತೊಟ್ಟುಕೊಂಡು ಕೆಳಗಿಳಿದೆ. ಗೇಟಿನಲ್ಲಿ ಚೌಕಿದಾರ್ ರಾಮ್‌ಬೀರ್ ಇರಲಿಲ್ಲ. ನಾನು ಇಳಿಯುವಾಗಲೇ ಮೆಟ್ಟಿಲ ಮೇಲೆ ಎದುರು ಸಿಕ್ಕಿದ್ದ. "ಸಾಬ್, ನನ್ನ ಫೋನಿಗೂ ಬಂದಿತ್ತು," ಎಂದು ನಾಚಿಕೊಂಡು ಮೇಲೆ ಹತ್ತಿದ್ದ. ಅವನ ಪ್ಲಾಸ್ಟಿಕ್ ಕುರ್ಚಿ ಖಾಲಿಯಿತ್ತು, ಪಕ್ಕದಲ್ಲಿ ಅವನ ಲಾಠಿ. ಕುಳಿತೆ. ಲಾಠಿಯನ್ನೂ ತೆಗೆದುಕೊಂಡೆ, ಕೈಗೆ ಏನಾದರೊಂದು ಇದ್ದರೆ ಮಾತಿಗೆ ತೂಕ ಬರುತ್ತದೆ.

ಒಪ್ಪಿಕೊಳ್ಳಬೇಕು, ನಾನು ಅಮೋಘವಾಗಿ ಕೆಲಸ ಮಾಡಿದೆ. ಗ್ಯಾಸ್ ಏಜೆನ್ಸಿಯ ಗುಮಾಸ್ತನನ್ನು ವಾಪಸು ಕಳಿಸಿದೆ. ನನ್ನ ಹಳೆಯ ಬಾಸನ್ನು, ಅವನಿಗೆ ಗುರುತು ಸಿಗದಂತೆ ಮುಖ ತಿರುಗಿಸಿ, ವಾಪಸು ಕಳಿಸಿದೆ. ಆಮೇಲೊಂದು ಬಿಳಿ ಕಾರು ಒಳಗೆ ಬಂತು. ಹಿಂದೆಯೇ ಗುಪ್ತಾನ ಭಾವಮೈದುನ, ಗಾಡಿ ನಿಲ್ಲಿಸಲು ಎಲ್ಲೂ ಜಾಗ ಸಿಗದೆ ಆಗಿನಿಂದ ಸುತ್ತುತ್ತಿದ್ದವನು, ತನ್ನ ದೊಡ್ಡ ಗಾಡಿಯನ್ನು ಆ ಬಿಳಿ ಕಾರಿನ ಬೆನ್ನಿಗೇ ಅಡ್ಡ ನಿಲ್ಲಿಸಿ ಮೆಟ್ಟಿಲು ಹತ್ತಿ ಓಡಿದ. ಅವನನ್ನು ಹಿಡಿಯುವಷ್ಟರಲ್ಲಿ ಕಾರಿನಿಂದ ರೇಷ್ಮೆ ದುಪಟ್ಟಾದ ಒಬ್ಬ ಹೆಂಗಸು ಇಳಿದರು. ಇವರಾದರೂ ತಪ್ಪಿಸಿಕೊಳ್ಳಬಾರದು ಎಂದುಕೊಂಡೆ.

"ವಸುಧಾ ಜೀ ಮನೆ ಮೂರನೇ ಮಹಡಿ ತಾನೆ?" ಎಂದು ಹಿಂದಿಯಲ್ಲಿ ಕೇಳಿದರು.

"ಊಟ ಇಲ್ಲ," ಎಂದೆ ನಾನೂ ಹಿಂದಿಯಲ್ಲಿ.

"ನನಗೆ ಊಟ ಬೇಡ. ಅವರ ಅಡುಗೆಮನೆ ನೋಡಬೇಕಿತ್ತು."

ಎಂಥೆಂಥ ನೆಪ ಹುಡುಕುತ್ತಾರೆ ಜನ! ಇಂಥ ಚತುರರಿಗೆ ಬಲವಾದ ಕಾರಣವೇ ಬೇಕು. "ಅಡುಗೆಮನೆ ನೋಡುವ ಹಾಗಿಲ್ಲ ಮೇಡಂ," ಎಂದು ಲಾಠಿಯನ್ನು ನೆಲಕ್ಕೆ ಕುಟ್ಟಿದೆ. "ತುಂಬ ನೀರು ನಿಂತಿದೆ. ಗಲೀಜು. ಅವರಿಗೂ ಮೈ ಸರಿಯಿಲ್ಲ, ಯಾರನ್ನೂ ನೋಡುವುದಿಲ್ಲ. ಹೋಗಿ, ಹೋಗಿ."

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕಾರು ಹತ್ತಿ ಬಾಗಿಲು ಧಡಾರೆಂದು ಹಾಕಿಕೊಂಡರು. ಕರ್ತವ್ಯ ಪೂರೈಸಿದ ಹೆಮ್ಮೆಯಿಂದ ನಾನು ವರದಿ ಕೊಡಲು ಮೇಲೆ ಹೋದೆ.

"ಒಬ್ಬರನ್ನೂ ಬಿಟ್ಟಿಲ್ಲ! ಈಗಷ್ಟೇ ಒಬ್ಬಳು ಅಡುಗೆಮನೆ ನೋಡ್ತೀನಿ ಅಂತ ನಾಟಕ ಮಾಡ್ತಿದ್ಲು, ಅವಳನ್ನೂ ಓಡಿಸ್ದೆ," ಎಂದೆ.

ವಸುಧಾಳ ಕೈಯಲ್ಲಿದ್ದ ಸೌಟು ನಿಂತಿತು. "ಬಿಳಿ ಕಾರಾ?"

"ಹೌದು. ಯಾಕೆ?"

ಯಾಕೆ ಎಂದು ಕೇಳಿ ಮುಗಿಸುವ ಮೊದಲೇ ನನಗೆ ಉತ್ತರ ಹೊಳೆಯಿತು. ಕರ್ನಲ್ ಸಾಹೇಬರು ಟೋಪಿ ಹಾಕಿಕೊಂಡು ಸೌತೆಕಾಯಿ ಹೆಚ್ಚುತ್ತಿದ್ದವರು ಚಾಕು ಕೆಳಗಿಟ್ಟರು. ನಾನು ಕೆಳಗೆ ಓಡಲು ಬಾಗಿಲಿಗೆ ತಿರುಗಿದರೆ, ಬಾಗಿಲಿನಲ್ಲಿ ಸ್ವತಃ ಸೇಠಿ ಮೇಡಂ, ಕೆಂಡವಾಗಿ ನಿಂತಿದ್ದರು!

"ಯಾರದು ಆ ದೊಡ್ಡ ಗಾಡಿ? ನನ್ನ ಕಾರು ತೆಗೆಯೋಕೇ ಆಗುತ್ತಿಲ್ಲ!"

ನಾನು ಆ ಹೊತ್ತಿನಲ್ಲಿ ಮಾಡಬಹುದಾದ ಒಂದೇ ಶೂರತನದ ಕೆಲಸ ಮಾಡಿದೆ. ಅವರ ಕಣ್ಣು ನನ್ನ ಮೇಲೆ ಬೀಳುವ ಮೊದಲೇ ಅಡುಗೆಮನೆಯ ಸಿಂಕಿನ ಕೆಳಗೆ, ಯಂತ್ರ ಜೋಡಿಸುತ್ತಿದ್ದವನ ಪಕ್ಕಕ್ಕೆ, ನುಸುಳಿಕೊಂಡೆ. ಅವನು ನನ್ನ ಕೈಗೊಂದು ಸ್ಪಾನರು ಕೊಟ್ಟ.

ಗಾಡಿಯ ಕೀಲಿ ಇದ್ದ ಭಾವಮೈದುನ ಆಗಷ್ಟೇ ಹುಳಿಯನ್ನಕ್ಕೆ ಕೈಹಾಕಿದ್ದ. "ಎರಡು ನಿಮಿಷ ಮೇಡಂ, ಇದನ್ನು ಬಿಟ್ಟು ಏಳೋಕೆ ಆಗ್ತಿಲ್ಲ," ಎಂದ, ಬಾಯಿತುಂಬ. ಸೇಠಿ ಮೇಡಂ ಸುತ್ತ ನೋಡಿದರು. ಹಾಲಿನಲ್ಲಿ, ಬಾಲ್ಕನಿಯಲ್ಲಿ, ಮೆಟ್ಟಿಲ ಮೇಲೂ ಜನ. ಸೈನ್ಯದ ಕರ್ನಲ್‌ರಿಂದ ಚೌಕಿದಾರನವರೆಗೆ ಪ್ರತಿಯೊಬ್ಬರ ತಲೆಯ ಮೇಲೂ ಬಲೆಟೋಪಿ. ಸಬೀನಾ ಮೂರನೇ ಸಲ ಸಾರು ಬಡಿಸಿಕೊಳ್ಳುತ್ತಿದ್ದಳು. ತಲೆನೋವಿನವನು ಬಟ್ಟಲನ್ನು ಎತ್ತಿ ಕುಡಿಯುತ್ತಿದ್ದ.

"ಚಲಿಯೇ, ಬನ್ನಿ, ಅಷ್ಟರಲ್ಲಿ ನೀವೂ ಒಂದು ತುತ್ತು," ಎಂದು ವಸುಧಾ ಅವರ ಕೈಗೆ ಸ್ಟೀಲ್ ತಟ್ಟೆ ಕೊಟ್ಟಳು.

ಆಮೇಲೆ ನನಗೆ ಕಂಡದ್ದು ಸೇಠಿ ಮೇಡಂ ಅವರ ಚಪ್ಪಲಿಗಳು ಮಾತ್ರ. ಅವು ಅಡುಗೆಮನೆಗೆ ಬಂದವು. ಒಲೆಯ ಹತ್ತಿರ ನಿಂತವು. ಒರೆಸಿ ಆಗಿದ್ದ ನೆಲದ ಮೇಲೆ ಒಂದು ಸುತ್ತು ಹಾಕಿದವು. ಇನ್ನೊಂದು ಸಲ ಅನ್ನ ಬಡಿಸಿಕೊಂಡವು. ನಾನು ಸ್ಪಾನರನ್ನು ಎದೆಗೊತ್ತಿಕೊಂಡು ಉಸಿರು ಬಿಗಿಹಿಡಿದಿದ್ದೆ.

"ಇಷ್ಟು ಜನಕ್ಕೆ ಅಡುಗೆ ಮಾಡುತ್ತಿದ್ದರೂ ಒಬ್ಬರೂ ಟೋಪಿ ತೆಗೆದಿಲ್ಲ," ಎಂದಿತು ಮೇಲಿನಿಂದ ದನಿ. "ಅಚ್ಛಾ ಲಗಾ, ಇಷ್ಟವಾಯಿತು. ದೀಪಾವಳಿ ಪೆಟ್ಟಿಗೆಗೆ ನಿಮ್ಮ ಪುಡಿ ಹಾಕಿಸುತ್ತೇನೆ ವಸುಧಾ ಜೀ. ಆದರೆ ಒಂದು ಷರತ್ತು."

"ಹೇಳಿ."

"ಕೆಳಗೆ ಒಬ್ಬ ಚೌಕಿದಾರ್ ಇದ್ದಾನಲ್ಲ, ನೀಲಿ ಅಂಗಿ. ಅವನನ್ನು ತೆಗೆದುಹಾಕಿ. ಇಂಥವನನ್ನು ಬಾಗಿಲಲ್ಲಿ ಇಟ್ಟುಕೊಂಡರೆ ಬಿಸಿನೆಸ್ ಉದ್ಧಾರ ಆಗುವುದಿಲ್ಲ."

ವಸುಧಾ ಸಿಂಕಿನ ಕಡೆ ನೋಡಲೇ ಇಲ್ಲ. "ಇವತ್ತೇ ತೆಗೆದು ಹಾಕ್ತೀನಿ," ಎಂದಳು.

ಮಾತಿಗೆ ತಪ್ಪುವವಳಲ್ಲ. ಅಂದೇ ಸಂಜೆ ಮೇಲ್ ಕಳಿಸುವ ಖಾತೆಯ ಪಾಸ್‌ವರ್ಡ್ ಬದಲಾಯಿತು. ಮಾಲೀಕಳು ವಸುಧಾ, ಮ್ಯಾನೇಜರ್ ಅದಿತಿ. ನನಗೂ ಒಂದು ಹುದ್ದೆ ಕೊಟ್ಟಿದ್ದಾರೆ, ‘ವೀಕ್ಷಕ’. ನೋಡಬಹುದು, ಏನನ್ನೂ ಮುಟ್ಟುವಂತಿಲ್ಲ. ಈಗ ಅವರು ಕಳಿಸುವ ಮೇಲ್‌ಗಳಲ್ಲಿ ನಾಲ್ಕೇ ಸಾಲು, ಊಟದ ಮಾತೇ ಇಲ್ಲ. ಅದಿತಿ ಪ್ರತಿಯೊಂದಕ್ಕೂ ಮೊದಲು ಟೆಸ್ಟ್ ಕಳಿಸುತ್ತಾಳೆ, ನನಗೆ! ಆರ್ಡರ್‌ಗಳೂ ಬರುತ್ತಿವೆ. ನನ್ನ ಮೇಲ್‌ನ ಹಾಗೆ ಜನ ಬರುತ್ತಿಲ್ಲ, ಅದು ಬೇರೆ ಮಾತು.

ದೀಪಾವಳಿಗೆ ಮುಂಚೆ ಡಬ್ಬಿಗಳನ್ನು ತಲುಪಿಸುವ ಕೆಲಸ ನನ್ನ ಪಾಲಿಗೆ ಬಂತು. ಸೈಕಲ್ ರಿಕ್ಷಾದಲ್ಲಿ ರಟ್ಟಿನ ಪೆಟ್ಟಿಗೆಗಳ ಜತೆ ಕುಳಿತು ಕರೋಲ್ ಬಾಗ್‌ನ ಗಲ್ಲಿಯೊಳಗೆ ನುಗ್ಗಿ, ಅಂಗಡಿಯ ಮುಂದೆ ಒಂದೊಂದಾಗಿ ಇಳಿಸುತ್ತಿದ್ದೆ. ಧೂಳಾಗುತ್ತದೆಂದು ಆ ನೀಲಿ ಅಂಗಿಯನ್ನೇ ಹಾಕಿಕೊಂಡು ಹೋಗಿದ್ದೆ. ಬುದ್ಧಿ ನೋಡಿ! ಸೇಠಿ ಮೇಡಂ ಹೊರಗೆ ಬಂದರು. ನನ್ನ ಮುಖವನ್ನು ನೋಡಿದರು, ಅಂಗಿಯನ್ನು ನೋಡಿದರು. ಗುರುತು ಸಿಕ್ಕಿತು. ಅವರ ಮುಖ ಮೆತ್ತಗಾಯಿತು.

"ನನ್ನಿಂದ ನಿನ್ನ ನೌಕರಿ ಹೋಯಿತಲ್ಲ ಅಂತ ಬೇಸರವಿತ್ತು ಭಯ್ಯಾ," ಎಂದರು. "ಸದ್ಯ, ವಸುಧಾ ಜೀ ನಿನ್ನನ್ನು ಬಿಡಲಿಲ್ಲ. ಬೇರೆ ಕೆಲಸ ಕೊಟ್ಟು ಇಟ್ಟುಕೊಂಡಿದ್ದಾರೆ."

ನಾನು ಪೆಟ್ಟಿಗೆಯನ್ನು ಹೆಗಲಿನಿಂದ ಇಳಿಸಿ ಕೈಮುಗಿದೆ.

"ಹೌದು ಮೇಡಂ," ಎಂದೆ. "ಅವರದು ದೊಡ್ಡ ಮನಸ್ಸು."